ಹಾಪ್ಸಲುವಿನಲ್ಲಿ ಸೀಟು ಹಿಡಿದ ಬ್ಯಾಗು

ಹೋದ ವರ್ಷದ ಮಾರ್ಚ್ ತಿಂಗಳು. ಮಗಳು ಪಲ್ಲವಿಯ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಎರಡು ವಾರವೂ ಉಳಿದಿರಲಿಲ್ಲ. ಅಷ್ಟರಲ್ಲಿ ನಮ್ಮ ಮ್ಯಾನೇಜರ್ ಕರೆದು, "ಗಿರಿಜಾ ಮೇಡಂ, ರೆಡಿಯಾಗಿ, ನೀವು ಎಸ್ಟೋನಿಯಾಕ್ಕೆ ಹೊರಡ್ಬೇಕು" ಅಂದರು. ಗರುಡಾಚಾರ್‌ಪಾಳ್ಯದ ಒಂದು ಎಲೆಕ್ಟ್ರಾನಿಕ್ಸ್ ಯೂನಿಟ್ಟಿನಲ್ಲಿ ನಾನು ಕ್ವಾಲಿಟಿ ಸೂಪರ್‌ವೈಸರ್. ಹೊಸ ಮಷೀನು ತರಿಸುತ್ತಿದ್ದೆವು, ಅದರ ಟ್ರೇನಿಂಗು ಆ ದೇಶದ ರಾಜಧಾನಿ ಟಾಲಿನ್‌ನಲ್ಲಿ. ವೀಸಾ ಯಾವಾಗಲೋ ಆಗಿತ್ತು. ತಾರೀಕು ಮುಂದಕ್ಕೆ ಹೋಗೀ ಹೋಗೀ ಸರಿಯಾಗಿ ಪರೀಕ್ಷೆಯ ಬುಡಕ್ಕೇ ಬಂದು ನಿಂತಿತ್ತು.

ಪಲ್ಲವಿ ಓದೋದರಲ್ಲಿ ಚುರುಕು. ಆದರೆ ಪ್ರಿಪರೇಟರಿ ಪರೀಕ್ಷೆಯ ಮೊದಲ ದಿನ ಹೆದರಿ, ಒಂದಕ್ಷರ ಬರೆಯದೆ ಎದ್ದು ಬಂದಿದ್ದಳು. ಮಾರನೇ ದಿನದಿಂದ ನಾನು ಶಿಫ್ಟು ಬದಲಾಯಿಸಿಕೊಂಡು ಬಸ್ಸಿನಲ್ಲಿ ಅವಳ ಪಕ್ಕ ಕೂತು ಹೋಗಿ, ಸ್ಕೂಲ್ ಗೇಟಿನ ಹತ್ತಿರ ನಿಲ್ಲುತ್ತಿದ್ದೆ. ಆಮೇಲಿನ ಪೇಪರೆಲ್ಲ ಬರೆದಳು. ಈಗ ನಾನು ಹೊರಡೋದು ಕೇಳಿ ಮುಖ ಸಪ್ಪಗೆ ಮಾಡಿಕೊಂಡು, "ಹೋಗು ಬಿಡು, ಅಪ್ಪ ಇದ್ದಾರಲ್ಲ" ಅಂದಳು. "ಲೇ, ಭಾನುವಾರ ಬೆಳಿಗ್ಗೆ ಮನೇಲಿರ್ತೀನಿ. ಸೋಮವಾರ ಪರೀಕ್ಷೆಗೆ ನಾನೇ ಕರ್ಕೊಂಡ್ಹೋಗ್ತೀನಿ" ಅಂತ ಮಾತು ಕೊಟ್ಟು ವಿಮಾನ ಹತ್ತಿದೆ.

ಟ್ರೇನಿಂಗು ಗುರುವಾರ ಮುಗಿಯಿತು. ವಿಮಾನ ಇದ್ದದ್ದು ಶನಿವಾರ ಬೆಳಿಗ್ಗೆ. ನಡುವಿನ ಶುಕ್ರವಾರ ಹೋಟೆಲ್ ರೂಮಿನಲ್ಲಿ ಗೋಡೆ ನೋಡಿಕೊಂಡು ಕೂರೋದು ನನ್ನ ಕೈಲಾಗದ ಕೆಲಸ. ಮೊದಲೇ ನಾನು ಕಾಲಿಗೆ ಚಕ್ರ ಕಟ್ಟಿಕೊಂಡವಳು. ಹೋಟೆಲಿನವರು, "ಹಾಪ್ಸಲು ಅಂತ ಒಂದು ಸಣ್ಣ ಊರಿದೆ, ಹಳೇ ಕೋಟೆ ಇದೆ, ಬಸ್ಸಿಗೆ ಎರಡು ಗಂಟೆ" ಅಂದರು. ಪಾಸ್‌ಪೋರ್ಟು, ಪರ್ಸು, ಮನೆಯಿಂದ ತಂದ ಕೋಡುಬಳೆ ಎಲ್ಲ ಒಂದೇ ಬ್ಯಾಗಿಗೆ ತುರುಕಿಕೊಂಡು ಹೊರಟೆ.

ಊರೋ ಊರು! ಬಣ್ಣದ ಮರದ ಮನೆಗಳು, ಹೆಪ್ಪುಗಟ್ಟಿದ ಸಮುದ್ರ, ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ನಮ್ಮ ಕೆ.ಆರ್. ಪುರ ಸಂತೆಯಿಂದ ಒಂದು ಹಿಡಿ ಜನ ತಂದು ಬಿಡಬೇಕು ಅನ್ನಿಸಿತು. ಕೋಟೆಯ ಕಲ್ಲುಗೋಡೆಗಳು ನೂರಾರು ವರ್ಷದವು, ಅರ್ಧ ಬಿದ್ದಿವೆ, ಅರ್ಧ ನಿಂತಿವೆ. ಒಳಗಿನ ಮ್ಯೂಸಿಯಮ್ಮಿನಲ್ಲಿ ಟಿಕೆಟ್ ಕೊಡುತ್ತಿದ್ದವರು ಮೈಮು ಅಂತ, ಎಪ್ಪತ್ತರ ಹತ್ತಿರದ ಅಜ್ಜಿ. ನಾನೊಬ್ಬಳೇ ಗಿರಾಕಿ. ಅವರದು ಹರಕು ಇಂಗ್ಲಿಷು, ನನ್ನದು ಫ್ಯಾಕ್ಟರಿ ಇಂಗ್ಲಿಷು, ಹೇಗೋ ಹೊಂದಿಕೊಂಡಿತು. ಒಂದು ಕಿಟಕಿ ತೋರಿಸಿ, ಕದ್ದು ಕೋಟೆಯೊಳಗೆ ಬಂದ ಹುಡುಗಿಯೊಬ್ಬಳನ್ನು ಇಲ್ಲಿ ಗೋಡೆಯೊಳಗೆ ಇಟ್ಟು ಕಟ್ಟಿಬಿಟ್ಟರು, ಆಗಸ್ಟ್ ಹುಣ್ಣಿಮೆಗೆ ಅವಳು ಆ ಕಿಟಕಿಯಲ್ಲಿ ಕಾಣುತ್ತಾಳೆ ಅಂದರು. ನನಗೆ ಸಿಟ್ಟೇ ಬಂತು. "ನಮ್ಮ ಕಡೆನೂ ಇಂಥ ಕತೆ ಇದೆ ಅಜ್ಜಿ. ಎಲ್ಲಿ ಹೋದ್ರೂ ಗೋಡೆಗೆ ಹೆಣ್ಣೇ ಬೇಕು" ಅಂದೆ. ಅವರು ಮೊದಲ ಸಲ ನಕ್ಕರು.

ಕಾಲು ಕೋಟೆಯಲ್ಲಿತ್ತು, ಜೀವ ಬೆಂಗಳೂರಿನಲ್ಲಿತ್ತು. ಹತ್ತು ನಿಮಿಷಕ್ಕೊಮ್ಮೆ ಗಡಿಯಾರ ನೋಡಿ ನೋಡಿ, ಕೊನೆಗೆ ಎರಡೂವರೆಯ ಬಸ್ಸಿಗೇ ಹೊರಟುಬಿಟ್ಟೆ.

ಅಲ್ಲಿ ಬಸ್ಸು ನಿಲ್ಲೋದು ಹಳೇ ರೈಲ್ವೆ ಸ್ಟೇಷನ್ನಿನ ಪಕ್ಕ. ರೈಲು ಈಗಿಲ್ಲ. ಉದ್ದಾನುದ್ದ ಪ್ಲಾಟ್‌ಫಾರಂ ಇದೆ, ಹಳೇ ಎಂಜಿನ್ನುಗಳನ್ನು ನೋಡೋಕೆ ಅಂತ ನಿಲ್ಲಿಸಿದ್ದಾರೆ. ಡ್ರೈವರ್ ಹತ್ತಿರ ಟಿಕೆಟ್ ತಗೊಂಡು ಹತ್ತಿದೆ. ಒಳಗೆ ಮೂರೇ ಜನ. ಆದರೂ ನೋಡಿ, ಇಪ್ಪತ್ತು ವರ್ಷ ಕೆ.ಆರ್. ಪುರದಲ್ಲಿ ಬಸ್ಸು ಹತ್ತಿದ ಚಾಳಿ ಎಲ್ಲಿಗೆ ಹೋಗುತ್ತೆ? ನಮ್ಮಲ್ಲಿ ಬಸ್ಸು ನಿಲ್ಲೋ ಮೊದಲೇ ಕಿಟಕಿಯಿಂದ ಕರ್ಚೀಫ್ ಎಸೆದರೆ ಆ ಸೀಟು ನಮ್ಮದು. ಆಮೇಲೆ ಇಳಿದು ಟೀ ಕುಡಿದು ಬಂದರೂ ಯಾರೂ ಕೇಳೋ ಹಾಗಿಲ್ಲ. ನಾನೂ ಮುಂದಿನ ಕಿಟಕಿ ಸೀಟಿನ ಮೇಲೆ ಬ್ಯಾಗಿಟ್ಟು, 'ಹಿಡಿದಾಯ್ತು' ಅಂದುಕೊಂಡು, ಪಲ್ಲವಿಗೆ ಎಂಜಿನ್ನಿನ ಫೋಟೋ ತೆಗೆಯೋಣ ಅಂತ ಕೆಳಗಿಳಿದೆ. ಇನ್ನೂ ನಾಲ್ಕು ನಿಮಿಷ ಇತ್ತು.

ನಾಲ್ಕನೇ ಫೋಟೋಗೆ ಫೋನು ಚಳಿಗೆ ತಾನಾಗೇ ಆಫ್ ಆಯಿತು. ತಿರುಗಿ ನೋಡಿದರೆ ಬಸ್ಸು ಹೊರಟಿದೆ! ಕಂಡಕ್ಟರ್ ಇಲ್ಲ, ವಿಶಲ್ ಇಲ್ಲ, 'ಯಾರದ್ರೀ ಬ್ಯಾಗು' ಅಂತ ಕೇಳೋರಿಲ್ಲ. "ಹೋಲ್ಡಾನ್! ಹೋಲ್ಡಾನ್!" ಅಂತ ಕಿರುಚಿಕೊಂಡು ಓಡಿದೆ. ಬಸ್ಸು ತಿರುವಿನಲ್ಲಿ ಮಾಯವಾಯಿತು.

ಅಯ್ಯೋ ದೇವರೇ! ಪಾಸ್‌ಪೋರ್ಟ್ ಇಲ್ಲದೆ ನಾಳೆ ವಿಮಾನ ಹತ್ತೋ ಹಾಗಿಲ್ಲ. ಬೇರೆಯದು ಮಾಡಿಸೋಣ ಅಂದರೆ ಶನಿವಾರ, ಭಾನುವಾರ ಆಫೀಸುಗಳಿಗೆಲ್ಲ ಬೀಗ. ಸೋಮವಾರ ಪಲ್ಲವಿ ಹಾಳೆ ಖಾಲಿ ಬಿಟ್ಟು ಎದ್ದು ಬರೋದೇ ಕಣ್ಣಮುಂದೆ ಬಂತು. ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಆ ಊರಿನಲ್ಲಿ ನನಗೆ ಗೊತ್ತಿದ್ದ ಮುಖ ಒಂದೇ. ಕೋಟೆ ಕಡೆಗೆ ಓಡಿದೆ. ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು, ಮೊಣಕಾಲು ತರಚಿಕೊಂಡು, ಎದ್ದು ಮತ್ತೆ ಓಡಿದೆ.

"ಬ್ಯಾಗ್... ಬಸ್... ಪಾಸ್‌ಪೋರ್ಟ್... ಡಾಟರ್ ಎಕ್ಸಾಮ್" ಅಂತ ಏದುಸಿರು ಬಿಡುತ್ತಾ ಅತ್ತೇಬಿಟ್ಟೆ. ಮೈಮು ಅಜ್ಜಿ ಗಾಬರಿಯಾಗಲೇ ಇಲ್ಲ. ಕೈ ಚಾಚಿ, "ಟಿಕೆಟ್" ಅಂದರು. ಕೋಟಿನ ಜೇಬಿನಲ್ಲಿದ್ದ ಚೀಟಿ ಕೊಟ್ಟೆ. ಅದನ್ನು ನೋಡಿಕೊಂಡು ಎಲ್ಲಿಗೋ ಫೋನ್ ಮಾಡಿ ನಿಧಾನಕ್ಕೆ ಮಾತಾಡಿದರು. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ನಾನು ಕೋಣೆ ಮೂರು ಸುತ್ತು ಹಾಕುತ್ತಿದ್ದೆ. "ಕೂತ್ಕೋ" ಅಂದರು. ಕೂತೆ, ಎದ್ದೆ. "ಕೂತ್ಕೋ!" ಅಂತ ನಮ್ಮತ್ತೆ ಹಾಗೆ ಗದರಿ, ಬಿಸಿ ಟೀ ಕೈಗಿಟ್ಟರು. ಫೋನಿಟ್ಟ ಮೇಲೆ ಹೇಳಿದರು: ದಾರಿಯಲ್ಲಿ ಒಂದೂರಿನಲ್ಲಿ ಆ ಬಸ್ಸಿಗೆ ಟಾಲಿನ್‌ನಿಂದ ಬರೋ ಬಸ್ಸು ಎದುರಾಗುತ್ತದಂತೆ. ಬ್ಯಾಗು ಅದರಲ್ಲಿ ವಾಪಸ್ ಬರುತ್ತದಂತೆ.

"ಸಿಗುತ್ತಾ? ಗ್ಯಾರಂಟಿನಾ?" ಅಂತ ಹತ್ತು ಸಲ ಕೇಳಿದೆ. ಅವರು ಮ್ಯೂಸಿಯಮ್ಮಿನ ಬಾಗಿಲಿಗೆ ಏನೋ ಬರೆದ ಚೀಟಿ ಅಂಟಿಸಿ, ಬೀಗ ಹಾಕಿ, ನನ್ನ ತೋಳು ಹಿಡಿದು ಸ್ಟೇಷನ್ನಿಗೆ ಕರೆದುಕೊಂಡು ಬಂದರು. ಮುಕ್ಕಾಲು ಗಂಟೆ ಆ ಚಳಿಯಲ್ಲಿ ಬೆಂಚಿನ ಮೇಲೆ ಕೂತೇ ಇದ್ದರು. ನಾನು ಪ್ಲಾಟ್‌ಫಾರಂ ಆ ತುದಿಯಿಂದ ಈ ತುದಿಗೆ ನಡೆಯುತ್ತಲೇ ಇದ್ದೆ.

ಬಸ್ಸು ಬಂತು. ಓಡಿ ಹೋಗಿ ನೋಡಿದರೆ ಮುಂದಿನ ಕಿಟಕಿ ಸೀಟಿನಲ್ಲಿ ನನ್ನ ಬ್ಯಾಗು ಕೂತಿದೆ! ಅದಕ್ಕೆ ಸೀಟ್‌ಬೆಲ್ಟ್ ಬೇರೆ ಹಾಕಿದ್ದಾರೆ. ಹಿಂದೆ ಸ್ಕೂಲ್ ಮಕ್ಕಳು ತುಂಬಿಕೊಂಡಿದ್ದರು, ಕೆಲವರು ನಿಂತಿದ್ದರು. ಡ್ರೈವರ್ ಏನೋ ಹೇಳಿದ. ಮೈಮು ಅಜ್ಜಿ ನನ್ನ ಕಡೆ ತಿರುಗಿ, "ಇದು ನಿನ್ನ ಜಾಗ, ಯಾರನ್ನೂ ಕೂರಿಸಲಿಲ್ಲ ಅಂತಾನೆ" ಅಂದರು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪಾಸ್‌ಪೋರ್ಟ್ ಮುಟ್ಟಿ ನೋಡಿಕೊಂಡು, ಅಜ್ಜಿಯನ್ನು ಗಟ್ಟಿಯಾಗಿ ತಬ್ಬಿಕೊಂಡೆ. ಅವರು ಮೊದಲು ಮರದ ಹಾಗೆ ನಿಂತರು, ಆಮೇಲೆ ಬೆನ್ನಿಗೆ ಎರಡು ಸಲ ತಟ್ಟಿದರು. ಕೊಡೋಕೆ ನನ್ನ ಹತ್ತಿರ ಇದ್ದದ್ದು ಕೋಡುಬಳೆ ಮಾತ್ರ. ಅಜ್ಜಿ ಒಂದು ಕಡಿದು, ಖಾರಕ್ಕೆ ಕಣ್ಣಲ್ಲಿ ನೀರು ತಂದುಕೊಂಡು, "ಗುಡ್" ಅಂತ ಪೊಟ್ಟಣ ಜೇಬಿಗಿಳಿಸಿದರು. ನನ್ನನ್ನು ಅದೇ ಬಸ್ಸಿಗೆ ಹತ್ತಿಸಿ, ಅದು ವಾಪಸ್ ಟಾಲಿನ್‌ಗೆ ಹೊರಡೋವರೆಗೂ ಕೆಳಗಿಳಿಯೋಕೆ ಬಿಡಲಿಲ್ಲ.

ಆ ದಿನ ನೆನೆಸಿಕೊಂಡರೆ ಈಗಲೂ ಬ್ಯಾಗು ಮುಟ್ಟಿ ನೋಡಿಕೊಳ್ಳುತ್ತೇನೆ. ಜೊತೆಗೇ, ಗುರುತಿಲ್ಲದ ನನಗೋಸ್ಕರ ಬಾಗಿಲಿಗೆ ಬೀಗ ಹಾಕಿ ಚಳಿಯಲ್ಲಿ ಕೂತ ಆ ಅಜ್ಜಿಯ ಋಣ ಹೇಗೆ ತೀರಿಸಲಿ ಅನ್ನಿಸುತ್ತದೆ.

ಮನೆಗೆ ಬಂದು ಈ ಕತೆ ಹೇಳಿದಾಗ ಪಲ್ಲವಿ ಬಿದ್ದು ಬಿದ್ದು ನಕ್ಕಳು. ಸೋಮವಾರ ಬೆಳಿಗ್ಗೆ ಮಾತ್ರ ನಗು ಇರಲಿಲ್ಲ, ಕೈ ತಣ್ಣಗಿತ್ತು. ಕೆ.ಆರ್. ಪುರದ ಸ್ಟಾಪಿನಲ್ಲಿ ಬಸ್ಸಿಗೆ ಎಂದಿನ ನೂಕುನುಗ್ಗಲು. ಅವಳು ಸಂದಿಯಲ್ಲಿ ನುಸುಳಿ ಮೊದಲು ಹತ್ತಿಬಿಟ್ಟಳು, ನಾನು ಬಾಗಿಲಲ್ಲೇ ಸಿಕ್ಕಿಕೊಂಡೆ. ಒಳಗೆ ಯಾರೋ ಹೆಂಗಸು, "ಪೌಚ್ ತೆಗಿಯಮ್ಮ, ಕೂತ್ಕೋತೀನಿ" ಅನ್ನೋದು ಕೇಳಿಸಿತು.

"ಇಲ್ಲ ಆಂಟಿ, ನಮ್ಮಮ್ಮ ಬರ್ತಾರೆ" ಅಂದಳು ಪಲ್ಲವಿ, ಗಟ್ಟಿಯಾಗಿ.

ಪೆನ್ನು, ಹಾಲ್‌ಟಿಕೆಟ್ ಇದ್ದ ಆ ಪೌಚನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಅವಳ ಪಕ್ಕ ಕೂತೆ. ಸ್ಕೂಲು ಬರುವವರೆಗೂ ಒಂದು ಸಲವೂ ಗಡಿಯಾರ ನೋಡಲಿಲ್ಲ.