ಕಾಯಿಸದ ತಮಟೆ

ಗಂಡನ ಹೆಸರನ್ನು ಬಾಯಲ್ಲಿ ಹೇಳುವ ರೂಢಿ ನಮ್ಮಲ್ಲಿಲ್ಲ. ಬರೆದರೆ ತಪ್ಪಿಲ್ಲ ಎಂದುಕೊಂಡು ಬರೆಯುತ್ತಿದ್ದೇನೆ. ನಮ್ಮ ಯಜಮಾನರ ಹೆಸರು ಮುನಿಯಲ್ಲಪ್ಪ. ಊರು ಕೋಲಾರ ತಾಲ್ಲೂಕಿನ ವಕ್ಕಲೇರಿ. ಈ ಕಡೆ ಮಾಲೂರಿನಿಂದ ಆ ಕಡೆ ಶ್ರೀನಿವಾಸಪುರದವರೆಗೆ ತಮಟೆ ಎಂದರೆ ಅವರನ್ನೇ ಕರೆಯುತ್ತಿದ್ದರು. ಸಾವಿಗೂ ಹೋಗುತ್ತಿದ್ದರು, ಮದುವೆ ಮೆರವಣಿಗೆಗೂ ಹೋಗುತ್ತಿದ್ದರು.

ತಮಟೆ ಗೊತ್ತಿಲ್ಲದವರಿಗೆ ಒಂದು ವಿಷಯ ಹೇಳಬೇಕು. ಅದು ಮರದ ದುಂಡು ಬಳೆಗೆ ಬಿಗಿದ ತೊಗಲು. ಬಾರಿಸುವ ಮೊದಲು ಹುಲ್ಲಿನ ಉರಿಗೆ ಹಿಡಿದು ಕಾಯಿಸಬೇಕು. ಕಾದರೆ ತೊಗಲು ಬಿಗಿದುಕೊಂಡು ಖಣಿಖಣಿ ಎನ್ನುತ್ತದೆ. ಥಂಡಿ ಹತ್ತಿದರೆ ಇಳಿದುಹೋಗಿ, ಒದ್ದೆ ಗೋಣಿಚೀಲ ಬಡಿದ ಹಾಗೆ ದಬದಬ ಎನ್ನುತ್ತದೆ. ಇಳಿದ ತಮಟೆಯನ್ನು ಜನರ ಮುಂದೆ ಬಾರಿಸಿದವನನ್ನು ನಮ್ಮವರು ಕೆಲಸ ಬಾರದವನು ಎನ್ನುತ್ತಾರೆ. ನಮ್ಮ ಯಜಮಾನರು ಬೆರಳಿನಿಂದ ಒಂದು ಸಲ ಮೀಟಿ ಕಿವಿಗೊಟ್ಟು ಕೇಳುತ್ತಿದ್ದರು. ಸಾಲದು ಅನ್ನಿಸಿದರೆ, ಹೆಣ ಎತ್ತುವುದಕ್ಕೆ ಇಡೀ ಊರು ನಿಂತಿದ್ದರೂ, ಮತ್ತೆ ಉರಿಗೆ ಹಿಡಿಯುತ್ತಿದ್ದರು.

ಎರಡು ಸಾವಿರದ ಮೂರನೇ ಇಸವಿಯ ಕಾರ್ತಿಕ ಮಾಸದಲ್ಲಿ ಮುಳಬಾಗಿಲಿನ ಸಂಕರ್ಷಣ ಎಂಬುವವರು ನಮ್ಮ ಮನೆಗೆ ಬಂದರು. ಪೂಜೆ ಮಾಡುವವರ ಮನೆತನ, ಇಪ್ಪತ್ತಾರು ವಯಸ್ಸು, ಭುಜದವರೆಗೆ ಕೂದಲು. ಹೋಳೂರಿನ ಒಂದು ಸಾವಿನಲ್ಲಿ ನಮ್ಮವರ ತಮಟೆ ಕೇಳಿದ್ದರಂತೆ. ಗೆಳೆಯರು ನಾಲ್ಕು ಜನ ಸೇರಿ ಬ್ಯಾಂಡ್ ಕಟ್ಟಿದ್ದೇವೆ, ಆರು ಹಾಡಿನ ಆಲ್ಬಂ ತರುತ್ತಿದ್ದೇವೆ, ಮೂರನೇ ಹಾಡಿಗೆ ನೀವೇ ಬೇಕು ಎಂದರು.

"ಯಾವ ದೇವ್ರ ಹಾಡು ಸ್ವಾಮಿ?" ಎಂದು ನಮ್ಮವರು ಕೇಳಿದರು.

"ದೇವ್ರದ್ದಲ್ಲ ಯಜಮಾನ್ರೇ. ಸ್ಟೋನರ್ ರಾಕ್ ಅಂತಾರೆ. ಬಲೇ ನಿಧಾನ, ಬಲೇ ಭಾರ. ಗಾಂಜಾ ಸೇದಿದೋನ ತಲೆ ತೂಗುತ್ತಲ್ಲ, ಹಂಗೆ."

"ಸೇದಿದೋರಿಗೆ ಬಾರ್ಸೋದಾ? ಆಗ್ಲಿ ಬಿಡಿ. ನಾವು ಸತ್ತೋರಿಗೇ ಬಾರಿಸ್ತೀವಿ. ಅವ್ರೂ ಚೆನ್ನಾಗಿಲ್ಲ ಅನ್ನಲ್ಲ."

ಸಂಕರ್ಷಣ ನಗುತ್ತಾ ನಮ್ಮ ಜಗಲಿಯ ಮೇಲೇ ಕೂತುಬಿಟ್ಟರು.

ಒಂದು ಸೋಮವಾರ ಇಬ್ಬರೂ ರೆಕಾರ್ಡಿಂಗಿಗೆಂದು ಕೋಲಾರಕ್ಕೆ ಹೋದೆವು. ರಾಗಿಹುಲ್ಲಿನ ಕಟ್ಟು ನನ್ನ ಕಂಕುಳಲ್ಲಿತ್ತು. ಬೆಳಗಿನಿಂದ ಸೋನೆ ಹಿಡಿದಿತ್ತು. ಭಕ್ತಿಗೀತೆಯ ಕ್ಯಾಸೆಟ್ ಮಾಡುವ ಒಂದು ಸ್ಟುಡಿಯೋ, ಮಹಡಿಯ ಮೇಲೆ. ಗೋಡೆಗೆಲ್ಲ ಹತ್ತಿ ತುಂಬಿ ಬಟ್ಟೆ ಹೊಡೆದಿದ್ದರು. ಅದನ್ನು ನಡೆಸುವ ಕದಿರೇಶ್ ಹುಲ್ಲು ನೋಡಿದವರೇ ಬಾಗಿಲಿಗೆ ಅಡ್ಡ ನಿಂತರು.

"ಏನಮ್ಮ, ಹಸು ಕಟ್ಟಕ್ಕೆ ಬಂದ್ಯಾ? ಒಳಗೆ ಬೆಂಕಿ ಗಿಂಕಿ ಹಚ್ಚಂಗಿಲ್ಲ."

ಕೆಳಗೆ ಮೆಟ್ಟಿಲ ಅಡಿಯಲ್ಲಿ ಉರಿ ಮಾಡಿದೆ. ನಮ್ಮವರು ಕಾಯಿಸಿಕೊಂಡು, ಟವೆಲ್ಲಿನಲ್ಲಿ ಸುತ್ತಿಕೊಂಡು ಮೇಲೆ ಓಡಿದರು. ಮೈಕು ಸರಿಮಾಡುವುದರಲ್ಲಿ ಒಂದು ಗಂಟೆ ಹೋಯಿತು. ಒಳಗೆ ಎ.ಸಿ. ಬೇರೆ. ಸಂಕರ್ಷಣ ಶುರುಮಾಡಿ ಎನ್ನುವ ಹೊತ್ತಿಗೆ ತೊಗಲು ಇಳಿದಿತ್ತು. ನಮ್ಮವರು ಎರಡು ಪೆಟ್ಟು ಹೊಡೆದು ತೋರಿಸಿದರು.

"ಸ್ವಾಮಿ, ತೊಗ್ಲು ಇಳ್ದೋಯ್ತು. ಒಂದ್ಸಲ ಕಾಯಿಸ್ಕೊಂಡ್ ಬಂದ್ಬಿಡ್ತೀನಿ."

ಗಿಟಾರಿನವರು ಮುಕುಂದ್ ಎಂದು. ಅವರು ಕೂತಲ್ಲಿಂದ ಎದ್ದೇಬಿಟ್ಟರು. "ಸಂಕರ್ಷಣ, ಕೇಳುಸ್ಕೊಂಡ್ಯಾ? ಇದೇ ಕಣೋ! ಇದೇ ಸೌಂಡು!"

ಅವರು ತಮ್ಮ ಗಿಟಾರಿನ ತಂತಿಗಳನ್ನೂ ಬೇಕೆಂದೇ ಸಡಿಲ ಮಾಡಿಕೊಂಡಿದ್ದರು. ಅವರಿಗೆ ಬೇಕಾಗಿದ್ದದ್ದೇ ಆ ದಬದಬ.

"ಇಲ್ಲ ಸ್ವಾಮಿ, ಇದು ತಪ್ಪು. ಐದೇ ನಿಮಿಷ, ಕೆಳಗೋಗಿ ಬರ್ತೀನಿ."

"ಬೇಡ ಯಜಮಾನ್ರೇ, ಹಿಂಗೇ ಬಾರ್ಸಿ. ಅದ್ಭುತವಾಗಿದೆ."

ನಮ್ಮವರು ಮೂರನೇ ಸಲವೂ ಕೇಳಿದರು. ಆಗ ಅವರ ದನಿ ಸಣ್ಣದಾಗಿತ್ತು. ಉಳಿದ ಹುಲ್ಲನ್ನು ಮಡಿಲಲ್ಲಿಟ್ಟುಕೊಂಡು ನಾನು ಗೋಡೆಗೆ ಒರಗಿದ್ದೆ. ನಾನಾದರೂ ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಅವರು ತಲೆ ತಗ್ಗಿಸಿಕೊಂಡು ಹನ್ನೊಂದು ನಿಮಿಷ ಬಾರಿಸಿದರು.

ಇಪ್ಪತ್ತು ದಿನ ಬಿಟ್ಟು ಸಂಕರ್ಷಣ ಒಂದು ಕ್ಯಾಸೆಟ್ ಕೊಟ್ಟುಹೋದರು. ಇನ್ನೂ ಪೂರ್ತಿಯಾಗಿಲ್ಲ, ಸುಮ್ಮನೆ ಕೇಳಿ ಎಂದರು. ಹಾಲಿನ ಡೈರಿಯ ಅಶ್ವತ್ಥಪ್ಪನವರ ಹತ್ತಿರ ಟೇಪ್‌ರೆಕಾರ್ಡರ್ ಇತ್ತು. ಬೆಳಿಗ್ಗೆ ಹಾಲು ಹಾಕಲು ಬಂದವರೆಲ್ಲ ಕ್ಯಾನು ಹಿಡಿದು ನಿಂತರು. ಮೂರನೇ ಹಾಡು ಶುರುವಾಗುವ ಮುಂಚೆ ನಮ್ಮವರ ದನಿ ಬಂತು: "ಸ್ವಾಮಿ, ತೊಗ್ಲು ಇಳ್ದೋಯ್ತು. ಒಂದ್ಸಲ ಕಾಯಿಸ್ಕೊಂಡ್ ಬಂದ್ಬಿಡ್ತೀನಿ." ಆಮೇಲೆ ತಮಟೆ.

ನಮ್ಮವರ ಜೊತೆ ತಮಟೆ ಬಾರಿಸುವ ಮುನಿಶಾಮಿ ಬಿದ್ದು ಬಿದ್ದು ನಕ್ಕ. "ಏಮ್ರಾ ಮುನಿಯಲ್ಲಪ್ಪಾ, ತಮಟೇನ ಹಾಲ್ನಲ್ಲಿ ನೆನೆಸಿ ಬಾರಿಸಿದ್ಯೇನ್ಲಾ?"

"ಕಿವುಡ ನನ್ಮಗನೇ, ನಾನ್ ಹೇಳಿದ್ದು ಕೇಳುಸ್ಲಿಲ್ವಾ? ಕಾಯಿಸ್ತೀನಿ ಅಂದೆ. ಅವ್ರು ಬಿಡ್ಲಿಲ್ಲ. ಟೇಪೇ ಹೇಳ್ತೈತಲ್ಲೋ!"

ಟೇಪಿನಲ್ಲಿದ್ದ ಆ ಒಂದು ಮಾತಿನಿಂದ ಅವರ ಮುಖ ಗೆಲುವಾಯಿತು. ಕೆಲಸ ಬಲ್ಲವರು ಕೇಳಿದರೆ ತಾನು ಬಲ್ಲೆ ಎಂದು ತಿಳಿಯುತ್ತದೆ ಎಂಬ ಸಮಾಧಾನ. ಮಾಲೂರಿಗೂ ಹೋಳೂರಿಗೂ ಕ್ಯಾಸೆಟ್ ಕೊಂಡೊಯ್ದು ತಮಟೆಯವರಿಗೆಲ್ಲ ಕೇಳಿಸಿದರು. ಸಂಕ್ರಾಂತಿ ಹೊತ್ತಿಗೆ ಡೈರಿಯ ಟೇಪ್‌ರೆಕಾರ್ಡರ್ ಅದರ ರೀಲನ್ನು ನುಂಗಿ ಹರಿದುಹಾಕಿತು. ಅವರು ಬೇಸರ ಮಾಡಿಕೊಳ್ಳಲಿಲ್ಲ. "ನಿಜವಾದ್ದು ಬರ್ತೈತಲ್ಲ" ಎಂದರು.

ಯುಗಾದಿ ಕಳೆದ ಮೇಲೆ ನಿಜವಾದ್ದು ಬಂತು. ಸಿ.ಡಿ. ಪ್ಲೇಯರು ಇದ್ದದ್ದು ಮುನಿಶಾಮಿಯ ಮನೆಯಲ್ಲಿ. ಹಾಕುವ ಮೊದಲು ನಮ್ಮವರು ಡಬ್ಬಿಯ ಹಿಂಬದಿಯ ರಟ್ಟನ್ನು ನನ್ನ ಕೈಗೆ ಕೊಟ್ಟು "ಓದೇ" ಎಂದರು. ಸಾಕ್ಷರತೆಯ ಪಾಠದಲ್ಲಿ ನಾನು ಅಷ್ಟಿಷ್ಟು ಕಲಿತಿದ್ದೆ. ಬೆರಳಿಟ್ಟು ಹುಡುಕಿದೆ. ಸಣ್ಣಕ್ಷರದಲ್ಲಿ ತಮಟೆ ಎಂದಿತ್ತು, ಅದರ ಮುಂದೆ ಅವರ ಹೆಸರು. ಅದನ್ನು ಬಾಯಲ್ಲಿ ಹೇಳಲಾರದೆ "ನಿಮ್ದೇ ಐತೆ" ಎಂದೆ. ಮುನಿಶಾಮಿಯ ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

ಮೂರನೇ ಹಾಡು ಬಂತು. ಗಿಟಾರು ಗುಂಯ್ ಎಂದಿತು, ನೇರವಾಗಿ ತಮಟೆ ಬಿತ್ತು. ಮಾತು ಇರಲಿಲ್ಲ.

"ಹಿಂದಕ್ ಹಾಕೋ" ಎಂದರು. ಮುನಿಶಾಮಿ ಹಾಕಿದ. ಇರಲಿಲ್ಲ. ಮೂರು ಸಲ ಹಾಕಿಸಿದರು. ಮೂರನೇ ಸಲ ಮುನಿಶಾಮಿಯೂ ನಗಲಿಲ್ಲ.

"ಎಲ್ಲೇ ನನ್ ಮಾತು?" ಎಂದು ನನ್ನನ್ನು ಕೇಳಿದರು.

ಮರುದಿನ ಇಬ್ಬರೂ ಮುಳಬಾಗಿಲಿಗೆ ಹೋದೆವು. ಸಂಕರ್ಷಣ ಗೇಟಿಗೇ ಓಡಿಬಂದರು. ನಿಮ್ಮ ತಮಟೆಯನ್ನೇ ಎಲ್ಲರೂ ಹೊಗಳುತ್ತಿದ್ದಾರೆ ಎಂದು ಸಂತೋಷದಿಂದ ಹೇಳಿದರು. ಸುಳ್ಳು ಹೇಳುವವರಲ್ಲ ಅವರು. ಮಾತಿನ ಬಗ್ಗೆ ಕೇಳಿದಾಗ, "ಹೊರಗಡೆಯೋರಿಗೆ ಅದು ಅರ್ಥ ಆಗಲ್ಲ ಅಂತ ತೆಗೆದ್ವಿ ಯಜಮಾನ್ರೇ" ಎಂದರು.

"ಅರ್ಥ ಆಗೋರಿಗೇ ಬೇಕಾಗಿತ್ತು ಸ್ವಾಮಿ. ಅದಿಲ್ದಿದ್ರೆ ನನ್ ಹೆಸ್ರನ್ನೂ ತೆಗೆದ್ಬಿಡಿ."

ಅಚ್ಚಾಗಿ ಎಲ್ಲಾ ಕಡೆ ಹೋಗಿದೆ, ಇನ್ನು ಆಗುವುದಿಲ್ಲ ಎಂದರು. ಅವರಿಗೆ ಇದು ಯಾಕೆ ಎಂದೇ ತಿಳಿಯಲಿಲ್ಲ.

ಆಮೇಲೆ ನಮ್ಮವರಿಗೆ ತಮ್ಮ ಕಿವಿಯ ಮೇಲೆ ನಂಬಿಕೆ ಹೋಯಿತು. ಎಷ್ಟು ಕಾಯಿಸಿದರೂ ಸಾಲದು ಅನ್ನಿಸುತ್ತಿತ್ತು. ಮತ್ತೆ ಮತ್ತೆ ಉರಿಗೆ ಹಿಡಿಯುತ್ತಿದ್ದರು. ಆ ವರ್ಷದ ಮಾಗಿಯಲ್ಲಿ ದೊಡ್ಡಗಂಗಮ್ಮ ಎಂಬ ಮುದುಕಿಯ ಹೆಣದ ಮುಂದೆ, ಅತಿಯಾಗಿ ಕಾದ ತೊಗಲು ಮೊದಲನೇ ಪೆಟ್ಟಿಗೇ ಪಟ್ಟನೆ ಹರಿಯಿತು. ನಲವತ್ತು ವರ್ಷದಲ್ಲಿ ಹಾಗಾಗಿರಲಿಲ್ಲ. ಬಳೆಯನ್ನು ಮನೆಗೆ ತಂದು ಗೂಟಕ್ಕೆ ಹಾಕಿದರು. ಹೊಸ ತೊಗಲು ಬಿಗಿಯಲೇ ಇಲ್ಲ. ಎರಡು ಸಾವಿರದ ಏಳರ ಆಷಾಢದಲ್ಲಿ ತೀರಿಕೊಂಡರು.

ಹನ್ನೊಂದನೇ ದಿನ ಸಂಕರ್ಷಣ ಬಂದರು. ಕೂದಲು ಕತ್ತರಿಸಿದ್ದರು. ಬ್ಯಾಂಡು ಒಡೆದುಹೋಗಿತ್ತಂತೆ.

"ಆ ಮಾತು ನಿಮ್ಮತ್ರ ಎಲ್ಲಾದ್ರೂ ಐತಾ ಸ್ವಾಮಿ?" ಎಂದೆ.

"ಕಂಪ್ಯೂಟರೇ ಕೆಟ್ಟೋಯ್ತಮ್ಮ. ಅವ್ರು ಅವತ್ತು ಬೇಡ್ಕೊಳ್ತಿದ್ರು ಅಂತ ನಂಗೆ ಹೊಳೀಲೇ ಇಲ್ಲ. ಏನೋ ಹೇಳ್ತಿದಾರೆ ಅಂದ್ಕೊಂಡೆ."

ಈಗಲೂ ಆ ಆಲ್ಬಂ ಎಲ್ಲೆಲ್ಲೋ ಇದೆಯಂತೆ, ಗೊತ್ತಿಲ್ಲದ ಜನ ಕೇಳುತ್ತಾರಂತೆ. ನಿಮ್ಮಲ್ಲಿ ಯಾರ ಹತ್ತಿರವಾದರೂ ಅದು ಇದ್ದರೆ, ಮೂರನೇ ಹಾಡು ಹಾಕುವ ಮೊದಲು ಕೂತವರಿಗೆ ಇಷ್ಟು ಹೇಳಿ: ಮುನಿಯಲ್ಲಪ್ಪನವರು ಕಾಯಿಸುತ್ತೇನೆ ಎಂದು ಮೂರು ಸಲ ಕೇಳಿದ್ದರು.