ಹುಲಿಯಾ ನಕ್ಕರೆ

ಕ್ಷಮೆ ದೊಡ್ಡ ಗುಣ ಎನ್ನುವವರು ಬೇಲೆಕೇರಿಯ ವೈಜಯಂತಿಯ ತಂಟೆಗೆ ಹೋಗಬಾರದು. ನಾನೂ ಅವಳೂ ಒಂದೇ ಬಸ್ಸಿನಲ್ಲಿ ಅಂಕೋಲೆಯ ಶಾಲೆಗೆ ಹೋದವರು. ಅವಳ ಹಗೆಯಲ್ಲಿ ನನಗೂ ಒಂದು ಪಾಲಿದೆ, ಅದಕ್ಕೆ ನಾಚಿಕೆಯೇನಿಲ್ಲ.

ಅವಳ ಅಪ್ಪ ಹುಲಿಯಾ, ದಡದಲ್ಲಿ ನಿಂತು ಹತ್ತಾರು ಜನ ಸೇರಿ ಎಳೆಯುವ ರಂಪಣಿ ಬಲೆಯ ಹಗ್ಗ ಎಳೆಯುತ್ತಿದ್ದ. ನಾವು ಶಾಲೆಯಲ್ಲಿದ್ದಾಗ ಒಮ್ಮೆ ಬಲೆ ತುಂಬ ಬಂಗಡೆ ಬಿತ್ತು. ಹುಲಿಯಾ ಖುಷಿಯಿಂದ ನಕ್ಕ. ನಕ್ಕವನೇ ಮೊಣಕಾಲು ಮಡಚಿ ಮರಳಿಗೆ ಬಿದ್ದ. ಹಿಂದಿದ್ದವರು ಎಡವಿದರು, ಹಗ್ಗ ಸಡಿಲಾಯಿತು, ಅರ್ಧ ಮೀನು ಕಡಲಿಗೆ ಹೋಯಿತು. ತಂಡದ ಯಜಮಾನ ಹುಲಿಯಾನ ಸ್ವಂತ ಅಣ್ಣ ಮಂಗೇಶ.

"ಬೆಳಗಾತ ಕುಡ್ದು ಬಂದಿದ್ದ. ನಾಳಿಂದ ಇವ ಹಗ್ಗ ಮುಟ್ಟೂದು ಬೇಡ" ಎಂದ.

ಹುಲಿಯಾ ಜನ್ಮದಲ್ಲಿ ಹೆಂಡ ಮುಟ್ಟಿದವನಲ್ಲ. ಬಗ್ಗಿ ಬಾಯಿ ಮೂಸಿ ನೋಡುವ ವ್ಯವಧಾನ ಒಬ್ಬರಿಗೂ ಇರಲಿಲ್ಲ. ಅಂದಿನಿಂದ ಊರಿಗೆ ಅವನು ಕುಡುಕ ಹುಲಿಯಾ. ಅವನು ನಗುವುದನ್ನೇ ಬಿಟ್ಟ.

ವೈಜಯಂತಿ ಕಾರವಾರದಲ್ಲಿ ಬಿಎಸ್ಸಿ ಮುಗಿಸಿ, ಮುಂದೆ ಓದಿ, ಪುಣೆಯ ಒಂದು ಪ್ರಯೋಗಾಲಯ ಸೇರಿದಳು. ನಮ್ಮನ್ನು ಎಚ್ಚರವಾಗಿಡಲು ಮೆದುಳು ಒರೆಕ್ಸಿನ್ ಎಂಬ ರಸ ಬಿಡುತ್ತದಂತೆ. ಅದನ್ನು ಗುರುತಿಸುವ ಗ್ರಾಹಕದ ಜೀನನ್ನು ಬೇರೆ ಜೀವಕೋಶಗಳಿಗೆ ಸೇರಿಸಿ, ಗಾಜಿನ ತಟ್ಟೆಯಲ್ಲಿ ಪೀಳಿಗೆಯಿಂದ ಪೀಳಿಗೆಗೆ ಬೆಳೆಸುವುದು ಅವಳ ಕೆಲಸ. ಬಣ್ಣ ಊಡಿದ ಆ ಕೋಶಗಳಿಗೆ ಒಂದು ಹನಿ ಒರೆಕ್ಸಿನ್ ಬಿಟ್ಟರೆ ಹಸಿರಾಗಿ ಮಿನುಗುತ್ತವೆ. ಮೆದುಳಲ್ಲಿ ಆ ರಸ ಬತ್ತಿದವರು ಕೂತಲ್ಲೇ ನಿದ್ದೆ ಹೋಗುತ್ತಾರೆ, ನಕ್ಕರೆ ಎಚ್ಚರವಿದ್ದೂ ಕುಸಿಯುತ್ತಾರೆ ಎಂದು ಓದಿದ ದಿನ ನನಗೆ ಫೋನು ಮಾಡಿದಳು.

"ಅಪ್ಪಗೆ ಆದದ್ದು ಇದೇ. ದೊಡ್ಡಪ್ಪನ್ನ ನಾ ಬಿಡೂದಿಲ್ಲ ನೋಡು."

ಗೋವೆಯ ವೈದ್ಯರು ಹುಲಿಯಾನನ್ನು ಪರೀಕ್ಷಿಸಿ ಹೌದೆಂದರು. ಮಂಗೇಶ ಮಾತ್ರ, ಕಲಿತ ಮಗಳು ಅಪ್ಪನ ಕುಡಿತಕ್ಕೂ ಇಂಗ್ಲಿಷ್ ಹೆಸರು ಹುಡುಕಿದ್ದಾಳೆ ಎಂದು ಊರೆಲ್ಲ ಹೇಳಿಕೊಂಡು ನಕ್ಕ.

೨೦೦೭ರಲ್ಲಿ ಮಂಗೇಶನ ಮಗ ಪ್ರದೀಪ ಬಾಳೆಗುಳಿಯ ಚಾ ಅಂಗಡಿಯಲ್ಲಿ ಗೆಳೆಯರೊಡನೆ ನಗುತ್ತ ನಗುತ್ತ ಕುಸಿದ. ಒಂದಲ್ಲ, ಮೂರು ಸಲ. ವೈಜಯಂತಿ ರಜೆಗೆ ಬಂದಿದ್ದಾಗ ಮಂಗೇಶ ಹಿತ್ತಿಲ ಬಾಗಿಲಿಂದ ಬಂದ.

"ಮಗಾ, ಆ ಡಾಕ್ಟರ್ರ ಹೆಸ್ರು ಹೇಳು. ಊರಿಗೆ ಗೊತ್ತಾಗೂದು ಬೇಡ."

"ಹೇಳ್ತೆ. ನಾಳೆ ರಂಪಣಿ ಎಳಿವಾಗ ಬೇಲೆ ಮೇಲೆ ಹೇಳ್ತೆ. ಅಪ್ಪನ್ನ ಹಗ್ಗಕ್ಕೆ ನೀನೇ ಕರಿಬೇಕು."

ಮರುದಿನ ಬೇಲೆಯಲ್ಲಿ, ಕಡಲ ದಡದ ಮರಳ ಮೇಲೆ, ಎಲ್ಲರೆದುರು ಮಂಗೇಶ ತಮ್ಮನನ್ನು ಕರೆದ. ಯಾರೂ ಎಡವದಂತೆ ವೈಜಯಂತಿ ಅಪ್ಪನನ್ನು ಹಗ್ಗದ ತುದಿಗೆ ನಿಲ್ಲಿಸಿ, "ಇವತ್ತು ನಗೂಕೆ ಅಡ್ಡಿಲ್ಲ ಅಪ್ಪ" ಎಂದಳು. ಬಲೆ ದಡ ಮುಟ್ಟಿ ಮೀನು ಹೊಳೆದಾಗ ಹುಲಿಯಾ ನಕ್ಕೇಬಿಟ್ಟ. ಮೊಣಕಾಲು ಮಡಚಿತು. ಎತ್ತಲು ಓಡಿಬಂದವರನ್ನು ಅವಳು ತಡೆದಳು.

"ಬಗ್ಗು ದೊಡ್ಡಪ್ಪ. ಬಾಯಿ ಮೂಸು."

ಮಂಗೇಶ ಸುತ್ತ ನೋಡಿದ. ನಾವೆಲ್ಲ ನೋಡುತ್ತಲೇ ಇದ್ದೆವು. ಅವನು ಮರಳಲ್ಲಿ ಮೊಣಕಾಲೂರಿ ತಮ್ಮನ ಬಾಯಿ ಮೂಸಿದ.

"ಎಂತಾ ವಾಸ್ನೆ? ಎಲ್ರಿಗೂ ಕೇಳೂ ಹಾಂಗೆ ಹೇಳು."

"ಗಂಜಿದು. ಬರೇ ಗಂಜಿದು."

ಹುಲಿಯಾ ಕಣ್ಣು ತೆರೆದೇ ಮಲಗಿದ್ದ, ಎಲ್ಲ ಕೇಳಿಸಿಕೊಂಡ. ಆಮೇಲೆ ವೈಜಯಂತಿ ವೈದ್ಯರ ಹೆಸರು ಹೇಳಿದಳು, ಅದೂ ಒಂದೇ ಸಲ.