ಬಕಕ್ಕೆ ಗುಂಡು ಹೊಡೆಯದ ಆರ್ವಿಲಾ

ಫಂಡಿ ಕೊಲ್ಲಿಯ ನಮ್ಮ ದ್ವೀಪದಲ್ಲಿ ನನ್ನ ಅಕ್ಕ ಆರ್ವಿಲಾಳಿಗೆ ‘ಬಕ’ ಅಂತಲೇ ಅಡ್ಡಹೆಸರು. ಉದ್ದ ಕಾಲು, ಉದ್ದ ಕುತ್ತಿಗೆ, ಕರೆದರೂ ತಿರುಗದ ಮೋರೆ. ಅವಳಿಗದು ಬೈಗುಳ ಅನ್ನಿಸಲೇ ಇಲ್ಲ.

ಗಂಡ ಸತ್ತಾಗ ಅವಳಿಗೆ ಉಳಿದದ್ದು ಕಡಲಲ್ಲಿ ಗೂಟ ನೆಟ್ಟು ಬಲೆ ಸುತ್ತಿದ ಒಂದು ಮೀನುಬೇಲಿ. ಎರಡು ವರ್ಷ ಅದಕ್ಕೆ ಒಂದೇ ಒಂದು ಹೆರಿಂಗ್ ಮೀನೂ ಬೀಳಲಿಲ್ಲ. ಮೂರನೇ ವರ್ಷದ ಸೆಪ್ಟೆಂಬರ್ ಮುಗಿಯುವುದರೊಳಗೆ ಬಂದರಿನ ಧಕ್ಕೆಗೆ ಮೀನು ಇಳಿಸದಿದ್ದರೆ ಕಾಯಿದೆಯಂತೆ ಜಾಗದ ಹಕ್ಕು ಅವಳ ಮೈದುನ ಆರಿನ್‌ಗೆ ಹೋಗುತ್ತಿತ್ತು. ಆ ಮಹಾನುಭಾವ ಆಗಲೇ ತನ್ನ ಬೇಲಿಗೆಂದು ಗೂಟ ಕಡಿಸಿಟ್ಟುಕೊಂಡಿದ್ದ.

ಎರಡನೇ ಬೇಸಿಗೆಯೆಲ್ಲ ಅಕ್ಕ ಬಂಡೆಯ ಮೇಲೆ ಕೂತು ದೊಡ್ಡ ನೀಲಿ ಬಕವೊಂದನ್ನು ನೋಡುತ್ತಿದ್ದಳು. ಉಬ್ಬರ ಮುಗಿದು ನೀರು ಇಳಿಯತೊಡಗಿದರೆ ಸಾಕು, ಅದು ದಿನಾ ಅಕ್ಕನ ಜಾಗದಲ್ಲೇ ಇದ್ದ ಒಂದು ತಗ್ಗಿಗೆ ಬರುತ್ತಿತ್ತು. ಅಲುಗದೆ ನಿಂತಿದ್ದು ಕುತ್ತಿಗೆ ಚಾಚಿತೆಂದರೆ ಮೀನು ಸಿಕ್ಕಿದಂತೆಯೇ. ಇನ್ನೊಂದು ಬಕ ಬಂದರೆ ಕೊಕ್ಕು ಮೇಲೆತ್ತಿ, ಸೆಟೆದು ನಡೆದು ಓಡಿಸುತ್ತಿತ್ತು. ಬಕಧ್ಯಾನ ಕಪಟವೆಂದು ಆಡಿಕೊಳ್ಳುವವರು ಒಂದು ದಿನ ಹಾಗೆ ತಣ್ಣೀರಲ್ಲಿ ನಿಂತು ನೋಡಲಿ. ಮರುವಸಂತದಲ್ಲಿ ಅಕ್ಕ ಬೇಲಿ ಕಿತ್ತು ಆ ತಗ್ಗಿನಲ್ಲೇ ಕಟ್ಟಿಸಿದಳು. ಹಕ್ಕಿಯನ್ನು ನಂಬಿ ಕೆಟ್ಟಳೆಂದು ಊರೆಲ್ಲ ನಕ್ಕಿತು.

ಸೆಪ್ಟೆಂಬರ್ ಇಪ್ಪತ್ತೊಂಬತ್ತಕ್ಕೆ ಬೇಲಿ ತುಂಬ ಹೆರಿಂಗ್. ಬಕ ಗೂಟದ ಮೇಲೆ ಕೂತು ತನ್ನ ಪಾಲು ನುಂಗುತ್ತಿತ್ತು. ಬೇಲಿಯೊಳಗಿಂದ ಮೀನು ಎಳೆಯುವ ದೊಡ್ಡ ಬಲೆ ಇದ್ದದ್ದು ಆರಿನ್ ಬಳಿ ಮಾತ್ರ. ಅವನು ಬಲೆಯ ಜತೆ ಬಂದೂಕನ್ನೂ ತಂದ.

“ಅತ್ತಿಗೆ, ಮೊದ್ಲು ಆ ಕಳ್ಳನ್ನ ಹೊಡಿ. ಆಮೇಲೆ ಬಲೆ ಕೊಡ್ತೀನಿ.”

“ಜಾಗ ತೋರ್ಸಿದ್ದು ಅದು. ನೀನೇನು ತೋರ್ಸಿದ್ದೆ?”

ಅವನು ಬಲೆ ಸಮೇತ ಹೊರಟುಹೋದ. ಒಂದು ಗುಂಡಿಗೆ ಮುಗಿಯುವ ಕೆಲಸ, ಅವನನ್ನು ವಾಪಸ್ ಕರಿ, ಹಕ್ಕಿಗೆ ಹೊಡೆದುಬಿಡು ಅಂತ ನಾನು ಅಕ್ಕನಿಗೆ ಅಂದೆ. ಅಕ್ಕ ಕೈಬಲೆಯೊಂದನ್ನು ನನ್ನ ಕೈಗೆ ತುರುಕಿದಳು. ಎರಡು ದಿನ, ನೀರಿಳಿದಾಗಲೆಲ್ಲ ತೊಡೆಮಟ್ಟದ ನೀರಲ್ಲಿ ನಿಂತು ಮೊಗೆದೆವು. ಕಾಲು ಮರಗಟ್ಟಿತು. ಮೊಗೆದದ್ದಕ್ಕಿಂತ ತಪ್ಪಿಸಿಕೊಂಡದ್ದೇ ಹೆಚ್ಚು. ಬಕ ಆಚೆ ಮೂಲೆಯಲ್ಲಿ ತನ್ನ ಕೆಲಸ ನೋಡಿಕೊಳ್ಳುತ್ತಿತ್ತು. ಮೂವತ್ತರ ಸಂಜೆಗೆ ಹನ್ನೊಂದು ಪೀಪಾಯಿ ಮೀನು ಧಕ್ಕೆಗೆ ಇಳಿಯಿತು. ಮೀನುಗಾರಿಕೆ ಅಧಿಕಾರಿ ಹಕ್ಕನ್ನು ಅಕ್ಕನ ಹೆಸರಿಗೇ ಉಳಿಸಿದ.

ಉಳಿದ ಮೀನು ಮೊಗೆಯಲು ನಾವು ಮತ್ತೆ ನೀರಿಗಿಳಿದಾಗ ಆರಿನ್‌ನ ದೋಣಿ ಬಂತು. ಬಲೆ ಇತ್ತು, ಬಂದೂಕಿರಲಿಲ್ಲ.

“ತಗೋ ಅತ್ತಿಗೆ. ಹಕ್ಕಿ ಇದ್ರೆ ಇರ್ಲಿ ಬಿಡು.”

ಅಕ್ಕ ಬಗ್ಗಿದ ಬೆನ್ನು ಎತ್ತಿ ನೆಟ್ಟಗೆ ನಿಂತಳು.

“ದೋಣಿ ಆಚೆ ತಗೊಂಡ್ಹೋಗು ಆರಿನ್. ಇದು ನಂದೂ ಆ ಹಕ್ಕೀದೂ ಜಾಗ.”

ನನ್ನ ಹೆಸರನ್ನು ಅವಳು ಸೇರಿಸಲಿಲ್ಲ. ಹೊಡೆದುಬಿಡು ಅಂದವಳಲ್ಲವೇ ನಾನು.